ಎದೆಮಟ್ಟದ ನೀರು

ಎಲ್ಲೋ ಒಡ್ಡು ಒಡೆದಿದೆ ಎಂದೇ ಅಜೀಮುದ್ದೀನ್ ತಿಳಿದರು.

ಮತ್ತೇನು ತಿಳಿಯಬೇಕು ಪಾಪ? ಐವತ್ತೆಂಟು ವರ್ಷದ ಬಾಳಿನಲ್ಲಿ ಅವರು ಕಂಡ ದೊಡ್ಡ ನೀರೆಂದರೆ ತಮ್ಮೂರು ಕಲ್ಯಾಣಿಯ ತ್ರಿಪುರಾಂತ ಕೆರೆ. ದೀಪಾವಳಿಗೆ ತುಂಬಿದ ಆ ಕೆರೆ ಹೋಳಿಯ ಹೊತ್ತಿಗೆ ನಾಲ್ಕು ಮೊಳ ಇಳಿದರೆ ಊರೆಲ್ಲ ಅದೇ ಮಾತು. ಇಲ್ಲಿ ನೋಡಿದರೆ, ಮಧ್ಯಾಹ್ನ ದಂಡೆಯ ಕರಿಬಂಡೆಗೆ ಬಡಿಯುತ್ತಿದ್ದ ನೀರು ಅವರು ತೆಂಗಿನ ನೆರಳಲ್ಲಿ ಒಂದು ನಿದ್ದೆ ತೆಗೆದು ಕಣ್ಣು ಬಿಡುವಷ್ಟರಲ್ಲಿ ಎಷ್ಟೋ ದೂರ ಸರಿದಿತ್ತು. ಇನ್ನೂ ಸರಿಯುತ್ತಲೇ ಇತ್ತು.

ಶೇರ್ವಾನಿಯ ಗುಂಡಿ ಹಾಕಿಕೊಳ್ಳುವುದನ್ನೂ ಮರೆತು ಎದ್ದ ಅವರು, ಬುಟ್ಟಿ ಹಿಡಿದು ಬರುತ್ತಿದ್ದ ಹೆಂಗಸರಿಗೆ ಅಡ್ಡ ನಿಂತರು. ಒಡ್ಡು ಒಡೆದಿದೆ, ಕೆಳಗಿನ ಊರುಗಳಿಗೆ ಸುದ್ದಿ ಮುಟ್ಟಿಸಿರಿ, ದನಕರು ಕೊಚ್ಚಿಹೋದಾವು ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸೆರಗು ಬಾಯಿಗೊತ್ತಿ ನಕ್ಕರು. ನಗುತ್ತಲೇ ಸೀರೆಯನ್ನು ಮೊಣಕಾಲಿಗೆ ಏರಿಸಿಕೊಂಡು, ಈಗಷ್ಟೇ ನೀರಿದ್ದ ಜಾಗಕ್ಕೆ ತಮ್ಮ ಮನೆಯ ಅಂಗಳಕ್ಕೆ ಇಳಿದಂತೆ ಇಳಿದು ಹೋದರು.

“ಒಡ್ಡೂ ಇಲ್ಲ, ಎಂತದೂ ಇಲ್ಲ ಸಾಯ್ಬ್ರೇ,” ಎಂದ ಜಟ್ಟು ಅಂಬಿಗ. ಈ ಕೊಲ್ಲಿಯಲ್ಲಿ ಬಲೆ ಕಟ್ಟಿ ಬದುಕುವ ಮುದುಕ. ಅವನ ಗುಡಿಸಲ ಮುಂದೆಯೇ ಅವರು ಬಿಡಾರ ಮಾಡಿದ್ದರು. “ಇಳಿತ ಅದು. ದಿನಕ್ಕೆ ಎರಡು ಸಲ ಹೋತದೆ, ಎರಡು ಸಲ ಬತ್ತದೆ.”

“ಇಷ್ಟೂ ನೀರು?”

“ಇಷ್ಟೂ.”

“ಯಾರು ಕಳಸ್ತಾರ, ಯಾರು ಕರಸ್ತಾರ?”

ಜಟ್ಟು ಮೇಲಕ್ಕೆ ಕೈ ತೋರಿಸಿದ. ಚಂದ್ರ ಅಂದ. ಅಂದು ಅಮಾವಾಸ್ಯೆ, ಆಕಾಶದಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಕಣ್ಣಿಗೇ ಕಾಣದ ಚಂದ್ರ ಇಷ್ಟು ದೊಡ್ಡ ನೀರನ್ನು ಎಳೆದುಕೊಂಡು ಹೋಗುತ್ತಿದೆ ಎಂಬ ಮಾತು ಒಳಗಿಳಿಯಲು ಅಜೀಮುದ್ದೀನರಿಗೆ ಸ್ವಲ್ಪ ಹೊತ್ತೇ ಹಿಡಿಯಿತು. ಇಳಿದ ಮೇಲೆ ಬಾಯಿಂದ ತಾನಾಗಿ ಹೊರಟದ್ದು “ಸುಭಾನಲ್ಲಾ” ಒಂದೇ.

ಆದರೆ ಅವರು ಸಮುದ್ರದ ಸೊಬಗು ನೋಡಲು ಹುಮನಾಬಾದಿನಿಂದ ಎರಡು ದಿನ ಬಸ್ಸು, ರೈಲು ಬದಲಾಯಿಸುತ್ತ ಬಂದವರಲ್ಲ. ನಿಜಾಮರ ಕಾಲದಲ್ಲಿ ಕಲ್ಯಾಣಿ ಠಾಣೆಯ ಅಮೀನರಾಗಿದ್ದವರು, ಸರ್ಕಾರ ಬದಲಾದ ಮೇಲೆ ಪಿಂಚಣಿ ತೆಗೆದುಕೊಂಡು ಮನೆ ಹಿಡಿದಿದ್ದರು. ತಾಹೇರಾ ಎಂಬ ಹೆಣ್ಣುಮಗಳು ಬಂದು, ತನ್ನ ಗಂಡ ಕೊಲೆ ಮಾಡಿಲ್ಲ ಎಂದು ಹೊಸ್ತಿಲಲ್ಲಿ ಕೂತವಳು ಏಳಲೇ ಇಲ್ಲ. ಕೊನೆಗೆ ಅಮೀನರೇ ಎದ್ದು ಹೊರಟರು.

ಆಕೆಯ ಗಂಡ ಅಬ್ದುಲ್ ರಜಾಕ್, ಹುಮನಾಬಾದಿನ ಬೇಳೆ ವ್ಯಾಪಾರಿ ತುಳಜಾರಾಮರ ಅಂಗಡಿಯಲ್ಲಿ ಹನ್ನೆರಡು ವರ್ಷ ಧಣಿಯ ಉಪ್ಪುಂಡು ದುಡಿದವನು. ಹೋದ ಎಳ್ಳಮವಾಸಿಗೆ ತುಳಜಾರಾಮ, ಅವರ ಅಣ್ಣನ ಮಗ ಭೀಮಶಾ, ಈ ರಜಾಕ್ ಮೂವರೂ ಕೊಬ್ಬರಿ ಖರೀದಿಗೆಂದು ಇದೇ ಕೊಲ್ಲಿಗೆ ಬಂದಿದ್ದರು. ತಿರುಗಿ ಬಂದವರು ಇಬ್ಬರೇ. ರಜಾಕ್ ನನ್ನ ಕಾಕಾನನ್ನು ಎದೆಮಟ್ಟದ ನೀರಿನಲ್ಲಿ ಮುಳುಗಿಸಿ ಕೊಂದ, ಕಣ್ಣಾರೆ ಕಂಡೆ ಎಂದು ಭೀಮಶಾ ಸಾಕ್ಷಿ ಹೇಳಿದ. ಹೆಣ ಎಲ್ಲಿ ಎಂದರೆ ಸಮುದ್ರ ಒಯ್ದಿತು ಎಂದ. ಸಮುದ್ರ ಕಾಣದ ಊರು ಅದನ್ನೂ ನಂಬಿತು. ರಜಾಕನೋ, ಬಾಯಿಗೆ ಬೀಗ ಹಾಕಿಕೊಂಡವನು ತೆಗೆಯಲೇ ಇಲ್ಲ. ಬರುವ ಸೋಮವಾರ ಕೋರ್ಟು ಈ ಸಾಕ್ಷಿಯನ್ನು ಒಪ್ಪಿತೆಂದರೆ ರಜಾಕನ ಕೊರಳಿಗೆ ಹಗ್ಗ.

ಜಾಗವನ್ನಾದರೂ ತೋರಿಸಲಿ ಎಂದು ಅಜೀಮುದ್ದೀನ್ ಅರ್ಜಿ ಹಾಕಿದಾಗ ಭೀಮಶಾ ಹಿಂದೆ ಮುಂದೆ ನೋಡದೆ ಒಪ್ಪಿದ. ಅಂದು ಮಧ್ಯಾಹ್ನ ದಂಡೆಯ ಮೇಲೆ ನಿಂತು, ತುಂಬಿದ ನೀರಿನ ನಡುವೆ ತಲೆ ಎತ್ತಿದ್ದ ಗೂಟಗಳ ಸಾಲಿನಲ್ಲಿ ಒಂದನ್ನು ಬೆರಳು ಮಾಡಿ ತೋರಿಸಿಯೂ ಬಿಟ್ಟ. ಕಾಗೆ ಕೂತ ಆ ಮೂಲೆಯ ಗೂಟ, ಅದರ ಬುಡದಲ್ಲೇ ಎಂದ. ಜಟ್ಟು ದೋಣಿಯಲ್ಲಿ ಹೋಗಿ ಅಲ್ಲಿ ಬಿದಿರ ಗಳ ಇಳಿಬಿಟ್ಟು ನೋಡಿದರೆ ನೀರು ಸರಿಯಾಗಿ ಒಬ್ಬ ಮನುಷ್ಯನ ಎದೆಮಟ್ಟ. ಒಂದು ಗೇಣು ಹೆಚ್ಚಿಲ್ಲ, ಒಂದು ಗೇಣು ಕಡಿಮೆಯಿಲ್ಲ.

ತಾಹೇರಾಗೆ ಯಾವ ಮುಖ ಹೊತ್ತು ಏನು ಹೇಳಲಿ ಎಂದು ಯೋಚಿಸುತ್ತಲೇ ಅಜೀಮುದ್ದೀನ್ ತೆಂಗಿನ ಬುಡದಲ್ಲಿ ಅಡ್ಡಾದದ್ದು.

ಈಗ ಅವರು ಆ ಗೂಟವನ್ನು ಹುಡುಕಿದರು. ಕಾಗೆ ಇನ್ನೂ ಅಲ್ಲೇ ಇತ್ತು. ಗೂಟ ಮಾತ್ರ ಬುಡದವರೆಗೆ ಬತ್ತಲೆಯಾಗಿ ನಿಂತಿತ್ತು. ಅದರ ಸುತ್ತ ನಾಲ್ಕು ಜನ ಹೆಂಗಸರು ಕುಕ್ಕರುಗಾಲಿನಲ್ಲಿ ಕೂತು ಕೆಸರು ಕೆದಕಿ ಚಿಪ್ಪು ಆರಿಸುತ್ತಿದ್ದರು.

ಅಮೀನರು ಜೇಬಿನಿಂದ ಸಾಕ್ಷಿಯ ನಕಲು ತೆಗೆದರು. ಬಾಯಿಪಾಠವಾಗಿದ್ದರೂ ಬೆರಳಿಟ್ಟು ಓದಿದರು. ಎಳ್ಳಮವಾಸಿಯ ದಿನ, ಸಂಜೆ ಐದರ ಸುಮಾರಿಗೆ. ಇನ್ನೊಂದು ಜೇಬಿನಿಂದ ಗಡಿಯಾರ ತೆಗೆದರು. ಐದಕ್ಕೆ ಹತ್ತು ನಿಮಿಷ.

ಎಲ್ಲ ಅಮಾವಾಸ್ಯೆಗೂ ಈ ಹೊತ್ತಿಗೆ ಇಲ್ಲಿ ಹೀಗೆಯೇ ಇರುತ್ತದೆಯೇ ಎಂದು ಜಟ್ಟುವನ್ನು ಕೇಳಿದರು.

“ಅಮಾಸೆಗೂ ಹೀಂಗೇಯ, ಹುಣ್ಣಿಮೆಗೂ ಹೀಂಗೇಯ. ಮಧ್ಯಾನ ತುಂಬ್ತದೆ, ಸಂಜೆಗೆ ಬರೀ ನೆಲ. ಅಷ್ಟಮಿಗೆ ತಿರುಗಾಮುರುಗಾ. ಈ ಲೆಕ್ಕ ತಪ್ಪಿದ್ರೆ ನಮ್ಮ ಹೊಟ್ಟೆಗೆ ಗಂಜಿ ಇಲ್ಲ ಸಾಯ್ಬ್ರೇ.”

ಆ ಲೆಕ್ಕದ ಮೇಲೆಯೇ ಅವನ ಬದುಕು ನಿಂತಿತ್ತು. ನೆಲ ಕಂಡಾಗ ಬಲೆಯ ಕೆಳಗಿನ ಅಂಚನ್ನು ಗೂಟಗಳ ಬುಡದ ಕೆಸರಿನಲ್ಲಿ ಹೂಳಿ, ಬಲೆಯನ್ನು ನೆಲದ ಮೇಲೆ ಮಲಗಿಸಿಡುವುದು. ನೀರು ಬಂದು ತುಂಬುತ್ತದೆ. ನೀರಿನ ಜೊತೆ ಮೀನು ಬಂದು ದಂಡೆಯ ಬಳಿ ಮೇಯುತ್ತವೆ. ತುಂಬಿ ನಿಂತಾಗ ದೋಣಿಯಲ್ಲಿ ಹೋಗಿ ಬಲೆಯ ಮೇಲಂಚನ್ನು ಎತ್ತಿ ಗೂಟಗಳಿಗೆ ಕಟ್ಟುವುದು. ಅಷ್ಟೇ. ಆಮೇಲೆ ಮನೆಗೆ ಹೋಗಿ ಊಟ ಮಾಡಿ ಮಲಗಬಹುದು. ನೀರು ತನ್ನ ಪಾಡಿಗೆ ಹೊರಡುತ್ತದೆ, ಮೀನು ಬಲೆಯ ಒಳಗೆ ಉಳಿಯುತ್ತವೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಮಾತನ್ನು ಇಷ್ಟು ಸರಿಯಾಗಿ ನಡೆಸಿಕೊಂಡು ಬಂದವರನ್ನು ಅಜೀಮುದ್ದೀನ್ ಬೇರೆಲ್ಲೂ ಕಂಡಿರಲಿಲ್ಲ.

ಅವರಿಗೆ ನಾಚಿಕೆಯಾಯಿತು. ಮೂವತ್ತು ವರ್ಷ ಅಮೀನಗಿರಿ ಮಾಡಿದವರು. ಕತ್ತಿ ಎಷ್ಟು ಉದ್ದವಿತ್ತು, ಬಾಗಿಲು ಒಳಗಿಂದ ಹಾಕಿತ್ತೋ ಹೊರಗಿಂದಲೋ ಎಂದು ಕೇಳಿ ಕೇಳಿ ಕಳ್ಳರನ್ನು ಹಣ್ಣು ಮಾಡಿದವರು. ನೀರಿತ್ತೇ ಎಂದು ಮಾತ್ರ ಕೇಳಲಿಲ್ಲ. ಹಾಕಿಮರು ಕೇಳಲಿಲ್ಲ, ವಕೀಲರು ಕೇಳಲಿಲ್ಲ. ಮಧ್ಯಾಹ್ನ ಇದ್ದ ನೀರು ಸಂಜೆಗೂ ಇರುತ್ತದೆ ಎಂಬುದು ಕಲ್ಯಾಣಿ, ಹುಮನಾಬಾದು, ಮುಡಬಿ, ರಾಜೇಶ್ವರದ ಮಂದಿಗೆ ಹೊತ್ತು ಮೂಡುವಷ್ಟೇ ಖಾತ್ರಿಯ ಸಂಗತಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಜೋಡು ಬಿಚ್ಚಿ ಕೈಯಲ್ಲಿ ಹಿಡಿದು ಅಮೀನರು ಕೆಳಗಿಳಿದರು.

ಕಾಲಿಗೆ ತಣ್ಣಗೆ ತಾಗಿದ ನೆಲ ಕೆಸರೆಂದರೆ ಕೆಸರಲ್ಲ, ಮರಳೆಂದರೆ ಮರಳಲ್ಲ. ನೀರು ತನ್ನ ಅಲೆಗಳ ಗುರುತನ್ನು ಅದರ ಮೇಲೆ ಸಾಲುಸಾಲಾಗಿ ಬಿಟ್ಟುಹೋಗಿತ್ತು, ಹೊಸದಾಗಿ ಹರಗಿದ ಹೊಲದ ಹಾಗೆ. ಹೆಜ್ಜೆ ಇಟ್ಟಲ್ಲೆಲ್ಲ ಬೆರಳುಗಾತ್ರದ ಏಡಿಗಳು ಸರ್ರನೆ ಬಿಲ ಸೇರುತ್ತಿದ್ದವು. ಕಣ್ಣು ಹಾಯುವಷ್ಟು ದೂರ ಆ ಒದ್ದೆ ನೆಲ ಬಿಸಿಲಿಗೆ ಬೆಳ್ಳಿಯಾಗಿ ಹೊಳೆಯುತ್ತಿತ್ತು. ಅದರಾಚೆ ಸಮುದ್ರ ಒಂದು ನೀಲಿ ಗೆರೆಯಾಗಿ ಸುಮ್ಮನೆ ನಿಂತಿತ್ತು. ಇಷ್ಟು ದೊಡ್ಡ ಬಯಲು ದಿನಕ್ಕೆರಡು ಸಲ ಹುಟ್ಟಿ ದಿನಕ್ಕೆರಡು ಸಲ ಇಲ್ಲವಾಗುತ್ತದೆ. ಯಾರ ಅಪ್ಪಣೆಯೂ ಬೇಡ, ಯಾರ ಸಾಕ್ಷಿಯೂ ಬೇಡ. ಅಜೀಮುದ್ದೀನರಿಗೆ ಹೆದರಿಕೆಯಾಯಿತು, ಆನಂದವೂ ಆಯಿತು. ಈ ವಯಸ್ಸಿನಲ್ಲಾದರೂ ಇದನ್ನು ನೋಡಲು ಸಿಕ್ಕಿತಲ್ಲ ಎಂದು ಕಣ್ಣು ಒದ್ದೆಯಾದವು.

ಕಣ್ಣೊರೆಸಿಕೊಂಡು ಅವರು ಜಟ್ಟುವಿಗೆ, ಭೀಮಶಾನನ್ನು ಕರೆದುಕೊಂಡು ಬಾ ಎಂದರು. ಏನೂ ಹೇಳಬೇಡ, ಅಮೀನ್ ಸಾಬರು ಜಾಗ ಇನ್ನೊಮ್ಮೆ ನೋಡಬೇಕಂತೆ ಎನ್ನು, ಅಷ್ಟು ಸಾಕು ಎಂದು ಹೇಳಿ ಕಳಿಸಿದರು.

ಭೀಮಶಾ ದಂಡೆಯ ಆಚೆ ಬದಿ, ಕೇದಗೆ ಹಿಂಡಲಿನ ಹಿಂದಿನ ಚಹಾದಂಗಡಿಯಲ್ಲಿ ಮಧ್ಯಾಹ್ನದಿಂದ ಕೂತಿದ್ದ. ಇಪ್ಪತ್ತಾರರ ಪ್ರಾಯ, ಹೊಸ ಧೋತ್ರ, ಎಣ್ಣೆ ಹಚ್ಚಿ ಬಾಚಿದ ಕ್ರಾಪು. ವೀಳ್ಯ ಜಗಿಯುತ್ತ ಹಿಂಡಲು ದಾಟಿ ಬಂದವನು ದಂಡೆಯ ಅಂಚಿನಲ್ಲಿ ನಿಂತುಬಿಟ್ಟ. ಜಗಿಯುವ ಬಾಯಿಯೂ ನಿಂತಿತು.

ಇಳಿದು ಬಾ ಎಂದು ಅಮೀನರು ಕೆಳಗಿನಿಂದ ಕೈ ಬೀಸಿದರು. ಅವನು ಇಳಿಯಲು ಮನಸ್ಸು ಮಾಡಲಿಲ್ಲ. ಜಟ್ಟು ಬೆನ್ನ ಮೇಲೆ ಕೈ ಇಟ್ಟು ಮೆಲ್ಲಗೆ ನೂಕಿದ ಮೇಲೆ, ಕೆಂಡ ತುಳಿಯುವವನ ಹಾಗೆ ಒಂದೊಂದೇ ಹೆಜ್ಜೆ ಇಡುತ್ತ ಬಂದ. ಮೂಲೆಯ ಗೂಟದವರೆಗೂ ಮೂವರೂ ನಡೆದರು. ಚಿಪ್ಪು ಆರಿಸುವ ಹೆಂಗಸರು ತಲೆ ಎತ್ತಿ ನೋಡಿ ಸ್ವಲ್ಪ ದೂರ ಸರಿದು ಕೂತರು.

“ಇದೇ ಗೂಟ ಹೌದಿಲ್ಲೋ ತಮ್ಮಾ?” ಎಂದರು ಅಜೀಮುದ್ದೀನ್.

“ಹೌದ್ರಿ.”

“ನಿಮ್ಮ ಕಾಕಾ ಎಲ್ಲಿ ನಿಂತಿದ್ದರು?”

ಭೀಮಶಾ ನೆಲ ನೋಡಿದ. ಅವನ ಕಾಲ ಬುಡದಲ್ಲಿ ಒಂದು ಸಣ್ಣ ಏಡಿ ಮಣ್ಣಿನ ಉಂಡೆ ಮಾಡಿ ಬಿಲದ ಹೊರಗೆ ಇಡುತ್ತಿತ್ತು.

“ಅವತ್ತ ನೀರಿತ್ರಿ, ಅಮೀನ್ ಸಾಬ್. ಇವತ್ತ ಯಾರೋ ಬಿಟ್ಟಾರ.”

ಜಟ್ಟುವಿಗೆ ನಗು ಬಂತು, ಸಿಟ್ಟೂ ಬಂತು. ಬಲೆಯಿಂದ ನೊಗ್ಲಿ ಮೀನು ಬಿಡಿಸುತ್ತಿದ್ದವನು ಕೈ ನಿಲ್ಲಿಸಿ, ಎಳ್ಳಮಾಸೆಯ ಸಂಜೆ ಹೇಗಿತ್ತೆಂದು ತಾನು ಹೇಳುತ್ತೇನೆ ಕೇಳು ಎಂದ. ಅಂದು ತೊರಕೆ ಮೀನು ಅವನ ತಮ್ಮನ ಹಿಮ್ಮಡಿಗೆ ಬಾಲದ ಮುಳ್ಳು ಚುಚ್ಚಿತ್ತು. ಇದೇ ಗೂಟಕ್ಕೆ ತಮ್ಮನನ್ನು ಒರಗಿಸಿ ಕೂರಿಸಿ, ಮುಳ್ಳು ಕೀಳಲು ಊರೇ ಇಲ್ಲಿ ಕೂಡಿತ್ತು. ಹೆಂಗಸರು, ಗಂಡಸರು ಸೇರಿ ಐವತ್ತು ಜನ. ಹೊತ್ತು ಮುಳುಗುವವರೆಗೆ ಯಾರೂ ಕದಲಿರಲಿಲ್ಲ.

“ಕೊಲೆ ಹೋಗ್ಲಿ, ಪರ ಊರಿನವ ಒಬ್ಬನೂ ಆಗ ಇಲ್ಲಿರ್ಲಿಲ್ಲ,” ಎಂದ ಜಟ್ಟು. “ನನ್ನ ತಮ್ಮನ ಕಾಲು ಇನ್ನೂ ಬಾತದೆ. ಬೇಕಾರೆ ನೋಡು ಬಾ.”

ಭೀಮಶಾ ತುಟಿ ನೆಕ್ಕಿಕೊಂಡ. ಹಾಗಾದರೆ ಮಧ್ಯಾಹ್ನ ಇರಬೇಕು, ಹೊತ್ತು ತನಗೆ ಸರಿಯಾಗಿ ನೆನಪಿಲ್ಲ ಎಂದ. ಅಜೀಮುದ್ದೀನ್ ಸಾಕ್ಷಿಯ ಕಾಗದ ಅವನ ಮೂಗಿನ ಮುಂದೆ ಹಿಡಿದರು. ಐದರ ಸುಮಾರು ಎಂದು ಮೂರು ಕಡೆ ಇತ್ತು, ಮೂರರ ಕೆಳಗೂ ಅವನ ರುಜು ಇತ್ತು. ಅಲ್ಲದೆ ಆ ದಿನ ಮೂರು ಹೊಡೆಯುವವರೆಗೆ ಕಾಕಾ, ಭೀಮಶಾ, ರಜಾಕ್ ಮೂವರೂ ಬೆಂಚಿನ ಮೇಲೆ ಕೂತು ಎರಡೆರಡು ಸಲ ಚಹಾ ಕುಡಿದದ್ದನ್ನು ಚಹಾದಂಗಡಿಯವನು ಬೆಳಿಗ್ಗೆಯೇ ಅಮೀನರಿಗೆ ಹೇಳಿದ್ದ. ಮಧ್ಯಾಹ್ನ ಸತ್ತವರು ಮೂರಕ್ಕೆ ಚಹಾ ಕುಡಿಯುವ ಪದ್ಧತಿ ಇನ್ನೂ ಎಲ್ಲೂ ಬಂದಿಲ್ಲ.

ಭೀಮಶಾ ಹೊಸ ಧೋತ್ರದ ಸಮೇತ ಕೆಸರಿನಲ್ಲಿ ಕೂತ.

ಗದರಿಸಬೇಕೆಂದು ಅಜೀಮುದ್ದೀನರಿಗೆ ಅನ್ನಿಸಲಿಲ್ಲ. ಈ ಬಯಲಿನ ನಡುವೆ ನಿಂತು ಯಾರನ್ನಾದರೂ ಗದರಿಸುವುದೇ ಸಣ್ಣತನವಾಗಿ ಕಂಡಿತು. ಅವರೂ ಅವನ ಎದುರು ಕುಕ್ಕರುಗಾಲಿನಲ್ಲಿ ಕೂತರು.

“ನೋಡು ತಮ್ಮಾ. ನಿನ್ನ ಮಾತು ನಾನೂ ನಂಬಿದ್ದೆ. ನಾವಿಬ್ಬರೂ ಕೆರೀ ದಂಡಿ ಮಂದಿ. ಹಿಂಗ ನೀರು ಎದ್ದು ಹೋಗ್ತದಂತ ನಮಗ ಹ್ಯಾಂಗ ಗೊತ್ತಾಗಬೇಕು? ಆದ್ರ ರಜಾಕನ ಕೊರಳು ಒಂದೇ ಅದ. ಸೋಮವಾರ ಅದು ಹೋದ್ರ ತಿರುಗಿ ಬರಂಗಿಲ್ಲ.”

ಭೀಮಶಾ ಕೆಸರಿನ ಜೊತೆ ಮಾತಾಡುವವನಂತೆ ತಲೆ ಬಗ್ಗಿಸಿಕೊಂಡೇ ಹೇಳಿದ.

“ನಾ ಮಧ್ಯಾನದ ನೀರು ಅಷ್ಟೇ ನೋಡಿದ್ದೆ. ಮೂರರ ಬಸ್ಸಿಗೆ ಹ್ವಾದೆ. ಸಂಜೀಕ ಇಲ್ಲಿ ನೀರಿರಂಗಿಲ್ಲಂತ ನನಗೂ ಗೊತ್ತಿರಲಿಲ್ಲ, ಹೇಳಿಕೊಟ್ಟವರಿಗೂ ಗೊತ್ತಿರಲಿಲ್ಲ.”

ಹೇಳಿಕೊಟ್ಟವರು ಯಾರು ಎಂದು ಆತುರದಿಂದ ಕೇಳಿದರೆ ಹಕ್ಕಿ ಹಾರಿಹೋದೀತು. ಅಮೀನರು ಕಾದರು. ಆ ಕಾಯುವಿಕೆಯಲ್ಲಿ ಅವರಿಗೆ ಏನೋ ಕೇಳಿಸಿತು, ಗೋಣಿಚೀಲದಿಂದ ಜೋಳ ಸುರಿಯುವಂಥ ಸಣ್ಣ ಸದ್ದು. ತಲೆ ಎತ್ತಿ ನೋಡಿದರೆ ದೂರದ ನೀಲಿ ಗೆರೆ ಇದ್ದಲ್ಲಿ ಇರಲಿಲ್ಲ.

ಇನ್ನು ಏಳಿರಿ, ನೀರಿನ ಭರ್ತಿ ಶುರುವಾಯಿತು, ಬಲೆ ಮಲಗಿಸಿ ಹೊರಡಬೇಕು ಎಂದು ಜಟ್ಟು ಅವಸರ ಮಾಡಿದ. ಹೆಂಗಸರು ಬುಟ್ಟಿಗಳನ್ನು ತಲೆಗೇರಿಸಿಕೊಂಡು ಆಗಲೇ ದಂಡೆಯ ಕಡೆ ಸಾಲು ಹಿಡಿದಿದ್ದರು. ಬೆರಳೆತ್ತರದ ನೀರಿನ ಹಾಳೆಯೊಂದು ನೆಲದ ಗೆರೆಗಳನ್ನು ಒಂದೊಂದಾಗಿ ಅಳಿಸುತ್ತ, ಏಡಿಯ ಬಿಲಗಳಲ್ಲಿ ಗುಳುಗುಳು ಅನ್ನುತ್ತ ಮುಂದೆ ಬಂತು. ಯಾವ ಅವಸರವೂ ಇರಲಿಲ್ಲ ಅದಕ್ಕೆ. ಆದರೆ ತಡೆಯುವವರೂ ಯಾರೂ ಇರಲಿಲ್ಲ. ಭೀಮಶಾ ಅದನ್ನು ಕಣ್ಣು ಮಿಟುಕಿಸದೆ ನೋಡಿದ. ನೀರು ಅವನ ಧೋತ್ರದ ಅಂಚಿಗೆ ತಾಗಿದಾಗ ಅವನು ಕಾಲು ಹಿಂದಕ್ಕೆಳೆದುಕೊಂಡ.

“ಯಾರು ಹೇಳಿಕೊಟ್ಟರು ತಮ್ಮಾ?” ಎಂದರು ಅಮೀನರು ಮೆಲ್ಲಗೆ.

“ಕಾಕಾನೇ.”

ಇವನ ತಲೆ ಕೆಟ್ಟಿತು ಎಂದುಕೊಂಡರು ಅಜೀಮುದ್ದೀನ್. ಸತ್ತವರು ತಮ್ಮ ಸಾವಿನ ಸಾಕ್ಷಿಯನ್ನು ಹೇಳಿಕೊಡುವುದು ಹೇಗೆ? ಯಾವಾಗ ಹೇಳಿಕೊಟ್ಟರು, ಇಲ್ಲಿಗೆ ಬರುವ ಮೊದಲೇ ಎಂದು ಕೇಳಿದರು.

“ಮೊದಲೂ ಹೇಳಿಕೊಟ್ಟಿದ್ರು. ಹೋದ ಸೋಮವಾರ ನಾವು ಹೊಂಟ ದಿನಾ ಮುಂಜಾನಿ ಮತ್ತೊಮ್ಮಿ ಬಾಯಿಪಾಠ ಮಾಡಿಸ್ಯಾರ. ಮನ್ನಾಏಖೇಳ್ಳಿ ಬಸ್ ನಿಲ್ಲೋ ಕಡಿ, ಚಹಾದಂಗಡ್ಯಾಗ. ಸಾಲ ಕೊಟ್ಟವರಿಗೆ ಅಂಜಿ ಗಡ್ಡ ಬಿಟ್ಟಾರ, ಕಂಬಳಿ ಹೊತ್ತಾರ. ಕಾಕಾ ಸತ್ತಿಲ್ರಿ.”

ನೀರು ಕಣಕಾಲಿಗೆ ಬಂದಿತ್ತು. ಅಜೀಮುದ್ದೀನರಿಗೆ ಅದರ ಎಚ್ಚರವಿರಲಿಲ್ಲ. ಒಂದು ಗಳಿಗೆ ಅವರ ಎದೆ ಹಗುರಾಗಿ ಹಕ್ಕಿಯಾಯಿತು. ಸತ್ತವನು ಬದುಕಿದ್ದರೆ ಕೊಲೆಯೇ ಇಲ್ಲ, ಕೊಲೆಯಿಲ್ಲದಿದ್ದರೆ ಹಗ್ಗವೂ ಇಲ್ಲ. ರಜಾಕ್ ಉಳಿದ. ತಾಹೇರಾಗೆ ಇಂದೇ ತಾರು ಕೊಡಬೇಕು, ಸೋಮವಾರದೊಳಗೆ ಆ ಗಡ್ಡದವನನ್ನು ಹಿಡಿದು ಕೋರ್ಟಿನಲ್ಲಿ ನಿಲ್ಲಿಸಬೇಕು. ಅವರು ಭೀಮಶಾನ ರಟ್ಟೆ ಹಿಡಿದು ಎಬ್ಬಿಸಿದರು. ದಂಡೆಯ ಕಡೆ ಎಳೆಯುತ್ತಲೇ, ರಜಾಕನಿಗೆ ಈ ಮಾತು ತಿಳಿದರೆ ಅವನು ಬಾಯಿ ಬಿಟ್ಟಾನು, ಇಷ್ಟು ದಿನ ಪಾಪ ಏನೂ ತಿಳಿಯದೆ ಜೇಲಿನಲ್ಲಿ ಕೊಳೆತ ಎಂದರು.

ಭೀಮಶಾ ನಡೆಯುವುದನ್ನು ನಿಲ್ಲಿಸಿದ. ನೀರು ಅವರಿಬ್ಬರ ನಡುವೆ ಸದ್ದಿಲ್ಲದೆ ಹಾದು ದಂಡೆಯ ಕಡೆ ಹೋಗುತ್ತಿತ್ತು.

“ಅವನಿಗೆ ಗೊತ್ತದ್ರಿ,” ಎಂದ. “ಆ ದಿನಾ ಬೀದರ್ ಜೇಲಿನಿಂದ ಅವನ್ನ ಕೋರ್ಟಿನ ಪೇಷಿಗೆ ತರೋ ಪೊಲೀಸ್ ಮೋಟಾರ್ ಅದೇ ಚಹಾದಂಗಡಿ ಮುಂದ ನಿಂತಿತ್ತು. ಕಾಕಾ ಕಂಬಳಿ ಸರಸಿ ಅವನ ಕಡಿ ನೋಡಿದ್ರು. ರಜಾಕ್ ಗುರ್ತು ಹಿಡದ. ಬೇಡಿ ಹಾಕಿದ ಎರಡೂ ಕೈ ಎತ್ತಿ ಸಲಾಮ್ ಮಾಡಿದ. ಆಮ್ಯಾಲ ನನ್ನ ಕಡಿ ನೋಡಿ, ಯಾರಿಗೂ ಹೇಳಬ್ಯಾಡಂತ ತಲಿ ಅಲ್ಲಾಡಿಸಿದ.”